ಎಂಜಿನ್ ಆರಿಸಿ ಕುಳಿತಾಗ ಕಾಣುವ ಸವನ್ನಾ

ಕಳೆದ ಸಂಚಿಕೆಯಲ್ಲಿ ಟಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ಗೇಣುದ್ದ ಎತ್ತರಕ್ಕೆ ಕುಳಿತಿವೆ. ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು, ಹೆಚ್ಚು ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಆಫ್ರಿಕದ ಹುಲ್ಲುಗಾವಲಿಗೆ ಆರು ಸಲ ಹೋಗಿ ಬಂದಿದ್ದೇನೆ. ನಾಲ್ಕು ಸಲ ಕೀನ್ಯಾ ಮತ್ತು ಟಾಂಜಾನಿಯಾಕ್ಕೆ, ಒಮ್ಮೆ ದಕ್ಷಿಣ ಆಫ್ರಿಕಕ್ಕೆ, ಒಮ್ಮೆ ನಮೀಬಿಯಾಕ್ಕೆ. ಪ್ರತಿ ಸಲವೂ ಒಂದು ನೋಟ್‌ಬುಕ್ ತುಂಬಿದೆ. ಇಲ್ಲಿನ ಉತ್ತರಗಳು ಬಹುಪಾಲು ಅವುಗಳಿಂದಲೇ ಬಂದವು.

ಪ್ರಶ್ನೆ: ನಮಗೆ ಎಂಟು ದಿನ ಬಿಡುವಿದೆ. ಒಂದು ಪ್ರವಾಸ ಸಂಸ್ಥೆ ಅಂಬೊಸೆಲಿ, ನಕುರು ಸರೋವರ, ಮಸಾಯಿ ಮಾರಾ, ಸೆರೆಂಗೆಟಿ, ಎನ್‌ಗೊರೊಂಗೊರೊ ಐದನ್ನೂ ತೋರಿಸುವ ಯೋಜನೆ ಕಳುಹಿಸಿದೆ. ಅಷ್ಟು ದೂರ ಹೋದ ಮೇಲೆ ಎಲ್ಲವನ್ನೂ ನೋಡಿಬಿಡೋಣ ಅನ್ನಿಸುತ್ತದೆ. ಒಪ್ಪಿಕೊಳ್ಳಬಹುದೇ, ಮೇಡಂ?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ನನ್ನ ಮೊದಲ ಪ್ರವಾಸದ ಪಟ್ಟಿಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಮುಗಿಸಿ ಬಂದು ನೋಟ್‌ಬುಕ್ ತೆರೆದು ಗಂಟೆಗಳನ್ನು ಕೂಡಿಸಿದೆ. ಎಂಟು ದಿನಗಳಲ್ಲಿ ನಲವತ್ತೊಂದು ಗಂಟೆ ಹೆದ್ದಾರಿಯಲ್ಲಿ ಮತ್ತು ಗಡಿ ಕಚೇರಿಯಲ್ಲಿ ಕಳೆದಿದ್ದೆ. ಕೊನೆಯ ದಿನ ಯಾವ ಆನೆಯನ್ನು ಎಲ್ಲಿ ನೋಡಿದೆ ಎಂಬುದೇ ಕಲಸಿಹೋಗಿತ್ತು.

ಭೂಪಟದಲ್ಲಿ ಕೀನ್ಯಾದ ಮಾರಾ ಮತ್ತು ಟಾಂಜಾನಿಯಾದ ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ, ನಿಜ. ಹುಲ್ಲು ಒಂದೇ, ನದಿ ಒಂದೇ, ಪ್ರಾಣಿಗಳು ಯಾರನ್ನೂ ಕೇಳದೆ ಆಚೀಚೆ ಓಡಾಡುತ್ತವೆ. ಆದರೆ ಪ್ರವಾಸಿಗೆ ಅಲ್ಲಿ ದಾರಿಯಿಲ್ಲ. ಪಶ್ಚಿಮಕ್ಕೆ ಸುತ್ತು ಹಾಕಿ ಇಸೆಬಾನಿಯಾ ಎಂಬ ಊರಿನ ಗಡಿ ಠಾಣೆಯಲ್ಲಿ ಇಳಿದು, ಕಾಗದಪತ್ರ ತೋರಿಸಿ, ಕೀನ್ಯಾದ ವಾಹನ ಬಿಟ್ಟು ಟಾಂಜಾನಿಯಾದ ವಾಹನ ಹತ್ತಬೇಕು. ಅಷ್ಟರಲ್ಲಿ ಒಂದು ದಿನ ಮುಗಿದಿರುತ್ತದೆ. ಪ್ರವೇಶದ ಅನುಮತಿಯೂ ಎರಡು ದೇಶಗಳಿಗೆ ಎರಡು. ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣ ಅನುಮತಿ ಕೇಳುತ್ತದೆ. ಟಾಂಜಾನಿಯಾಕ್ಕೆ ಬೇರೆಯೇ ವೀಸಾ. ಪೂರ್ವ ಆಫ್ರಿಕ ಪ್ರವಾಸಿ ವೀಸಾ ಎಂಬುದು ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಸೇರಿದ್ದು. ಟಾಂಜಾನಿಯಾ ಅದರಲ್ಲಿಲ್ಲ. ಎಷ್ಟೋ ಜನ ಇಲ್ಲಿ ಎಡವುತ್ತಾರೆ.

ಎಂಟು ದಿನಕ್ಕೆ ಒಂದು ದೇಶ ಸಾಕು. ಕೀನ್ಯಾ ಆದರೆ ಮಾರಾದಲ್ಲಿ ನಾಲ್ಕು ರಾತ್ರಿ, ಅಂಬೊಸೆಲಿಯಲ್ಲಿ ಎರಡು. ಅಂಬೊಸೆಲಿ ಕೇವಲ 392 ಚದರ ಕಿಲೋಮೀಟರಿನ ಉದ್ಯಾನ, ಬಯಲು ಸಮತಟ್ಟು, ಜೌಗಿನಲ್ಲಿ ಹೊಟ್ಟೆಯವರೆಗೆ ಮುಳುಗಿ ಮೇಯುವ ಆನೆಗಳು ಹತ್ತಿರದಲ್ಲೇ ಸಿಗುತ್ತವೆ. ಬೆಳಕು ಹರಿಯುವ ಮೊದಲೇ ಎದ್ದರೆ ಮೋಡ ಕವಿಯುವ ಮುನ್ನ ಕಿಲಿಮಂಜಾರೊ ಪೂರ್ತಿ ಕಾಣುತ್ತದೆ. ಟಾಂಜಾನಿಯಾ ಆದರೆ ಅರುಷಾ ಊರಿನಿಂದ ಹೊರಟು ತರಂಗೀರೆ ಉದ್ಯಾನದಲ್ಲಿ ಒಂದು ಅಥವಾ ಎರಡು ರಾತ್ರಿ, ಎನ್‌ಗೊರೊಂಗೊರೊ ಅಂಚಿನಲ್ಲಿ ಒಂದು, ಉಳಿದದ್ದೆಲ್ಲ ಸೆರೆಂಗೆಟಿಗೆ. 14,763 ಚದರ ಕಿಲೋಮೀಟರಿನ ಸೆರೆಂಗೆಟಿಯನ್ನು ಒಂದು ರಾತ್ರಿಯಲ್ಲಿ ಮುಗಿಸುತ್ತೇವೆ ಎನ್ನುವ ಯೋಜನೆ ಕಂಡರೆ ನನಗೆ ಸಂಕಟವಾಗುತ್ತದೆ.

ಎನ್‌ಗೊರೊಂಗೊರೊ ಬಗ್ಗೆ ಇಷ್ಟು ಸೇರಿಸುತ್ತೇನೆ. ಅದು ಕುಸಿದ ಜ್ವಾಲಾಮುಖಿಯ ಬಾಣಲೆ. ಆಳ ಸುಮಾರು 600 ಮೀಟರ್, ತಳದ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ಕಪ್ಪು ಘೇಂಡಾಮೃಗ ನೋಡುವ ಆಸೆ ಇದ್ದವರು ಅದನ್ನು ಬಿಡಬಾರದು. ಅಂಚು ಸಮುದ್ರಮಟ್ಟದಿಂದ 2,300 ಮೀಟರ್ ಆಸುಪಾಸು ಇರುವುದರಿಂದ ಜುಲೈ ಬೆಳಗ್ಗೆ ಬೆರಳು ಮರಗಟ್ಟುತ್ತವೆ. ಸಮಭಾಜಕ ವೃತ್ತದ ಹತ್ತಿರ ಎಂದುಕೊಂಡು ಉಣ್ಣೆಯ ಅಂಗಿ ಬಿಟ್ಟು ಹೋದವರಲ್ಲಿ ನಾನೂ ಒಬ್ಬಳು. ಬಾಣಲೆಯ ತಳದಲ್ಲಿ ಜಿರಾಫೆ ಮಾತ್ರ ಇಲ್ಲ. ಅದಕ್ಕಾಗಿ ಅಲ್ಲಿ ಹುಡುಕುತ್ತ ಹೊತ್ತು ಕಳೆಯಬೇಡಿ.

ಪ್ರಶ್ನೆ: ಆಗಸ್ಟ್ ಬಿಟ್ಟು ಬೇರೆ ರಜೆ ಸಿಗುವುದಿಲ್ಲ. ವೈಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟುವುದನ್ನು ನೋಡಲೇಬೇಕು. ಯಾವ ತಾರೀಖಿಗೆ ಟಿಕೆಟ್ ಮಾಡಿಸಲಿ?

ಉತ್ತರ: ತಾರೀಖು ಹೇಳುವವರನ್ನು ನಂಬಬೇಡಿ. ಆಗಸ್ಟ್ ಒಳ್ಳೆಯ ತಿಂಗಳು ಎಂದು ಮಾತ್ರ ಹೇಳಬಲ್ಲೆ.

ದನದಂತೆ ಕಾಣುವ ಹುಲ್ಲೆಗಳಾದ ಈ ವೈಲ್ಡ್‌ಬೀಸ್ಟ್‌ಗಳ ವಲಸೆ ಏಕೆ ನಡೆಯುತ್ತದೆ ಎಂದು ಅರ್ಥವಾದರೆ ನಿಮ್ಮ ನಿರೀಕ್ಷೆ ತಾನಾಗಿಯೇ ಸರಿಹೋಗುತ್ತದೆ. ಸೆರೆಂಗೆಟಿಯ ಆಗ್ನೇಯ ಭಾಗದಲ್ಲಿ ಮಳೆ ಕಡಿಮೆ, ವಾಯವ್ಯಕ್ಕೆ ಹೋದಂತೆ ಹೆಚ್ಚು. ಆದರೆ ಮಳೆ ಕಡಿಮೆ ಇರುವ ಆ ದಕ್ಷಿಣದ ನೆಲವೇ ಜ್ವಾಲಾಮುಖಿಗಳ ಬೂದಿ ಬಿದ್ದು ಆದದ್ದು. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೇರಳ, ಹಾಲೂಡಿಸುವ ತಾಯಿಗೆ ಬೇಕಾದ್ದು ಅದೇ. ಹಾಗಾಗಿ ಮಳೆ ಬಿದ್ದ ತಿಂಗಳುಗಳಲ್ಲಿ ಹನ್ನೆರಡು ಹದಿಮೂರು ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಮತ್ತು ಜಿಂಕೆಯಂಥ ಗೆಜೆಲ್‌ಗಳು ದಕ್ಷಿಣಕ್ಕೆ ಇಳಿಯುತ್ತವೆ, ಮರಿ ಹಾಕುತ್ತವೆ. ಮೇ ತಿಂಗಳಲ್ಲಿ ನೆಲ ಒಣಗುತ್ತ ಬಂದಂತೆ ಪಶ್ಚಿಮದ ಗ್ರುಮೆಟಿ ನದಿಯ ಕಡೆಗೆ, ಅಲ್ಲಿಂದ ಉತ್ತರಕ್ಕೆ. ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ದಂಡೆಗಳಲ್ಲಿ ಇರುತ್ತವೆ. ನವೆಂಬರಿನಲ್ಲಿ ದಕ್ಷಿಣದಲ್ಲಿ ಮೋಡ ಕಟ್ಟಿದೊಡನೆ ವಾಪಸು. ಇಡೀ ಹಿಂಡು ಒಂದು ದಿನ ಸಾಲುಗಟ್ಟಿ ನದಿ ದಾಟಿ ಮುಗಿಸುವುದಿಲ್ಲ. ಎಲ್ಲೋ ಮಳೆ ಬಿತ್ತೆಂದು ಆಚೆ ಹೋದ ಗುಂಪೇ ವಾರದ ನಂತರ ಈಚೆ ಬರುವುದೂ ಉಂಟು.

ಮೂರನೆಯ ಪ್ರವಾಸದಲ್ಲಿ ದಂಡೆಯ ಮೇಲೆ ಐದು ಗಂಟೆ ಕಾದಿದ್ದೆ. ಎದುರು ದಡದಲ್ಲಿ ಸಾವಿರಾರು ಪ್ರಾಣಿಗಳು ಒತ್ತೊತ್ತಾಗಿ ನಿಂತಿದ್ದವು. ಧೂಳು, ಗುರುಗುಟ್ಟುವ ಸದ್ದು, ಮುಂದಿನ ಸಾಲಿನವು ನೀರಿಗೆ ಮೂಗು ತಾಗಿಸುವುದು, ಹಿಂದೆ ಸರಿಯುವುದು. ಕೊನೆಗೆ ಒಂದು ಜೀಬ್ರಾ ಬೆದರಿ ತಿರುಗಿತು, ಅದರ ಹಿಂದೆ ಇಡೀ ಹಿಂಡು ತಿರುಗಿ ಬೆಟ್ಟದ ಕಡೆಗೆ ನಡೆದುಬಿಟ್ಟಿತು. ಮರುದಿನ ಅದೇ ಜಾಗದಲ್ಲಿ, ನಾವು ಎಂಜಿನ್ ಆರಿಸಿ ಇಪ್ಪತ್ತು ನಿಮಿಷವಾಗಿರಲಿಲ್ಲ, ಮೊದಲನೆಯದು ಹಾರಿತು. ಆ ನಂತರ ಮುಕ್ಕಾಲು ಗಂಟೆ ನದಿ ಕಂದುಬಣ್ಣದ ಬೆನ್ನುಗಳಿಂದ ತುಂಬಿಹೋಗಿತ್ತು. ಇದಕ್ಕೇ ನಾಲ್ಕು ರಾತ್ರಿ ಎಂದು ಹಟ ಹಿಡಿಯುತ್ತೇನೆ. ಒಂದೇ ರಾತ್ರಿ ಉಳಿದಿದ್ದರೆ ನಾನು ಆ ಬೆನ್ನು ತಿರುಗಿಸಿದ ಹಿಂಡನ್ನಷ್ಟೇ ನೋಡಿ ಬರುತ್ತಿದ್ದೆ.

ದಾಟುವಾಗ ಸಾಯುವವುಗಳನ್ನು ಕಂಡು ಮನಸ್ಸು ಕದಡುತ್ತದೆ, ಅದಕ್ಕೂ ಸಿದ್ಧರಾಗಿ ಹೋಗಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಮಾರಾ ನದಿಯಲ್ಲಿ ಮುಳುಗಿ ಸಾಯುತ್ತವೆ. ಹೆಚ್ಚಿನವನ್ನು ಮೊಸಳೆ ಕೊಲ್ಲುವುದಿಲ್ಲ. ಕಡಿದಾದ ದಂಡೆ, ಸೆಳೆತ, ನೂಕುನುಗ್ಗಲು ಕೊಲ್ಲುತ್ತವೆ. ಆ ಮಾಂಸ ರಣಹದ್ದು, ಮರಬೂ ಕೊಕ್ಕರೆ, ಮೀನುಗಳಿಗೆ ಹೋಗುತ್ತದೆ. ಮೂಳೆಗಳು ವರ್ಷಗಟ್ಟಲೆ ಕರಗುತ್ತ ನದಿಗೆ ರಂಜಕ ಉಣಿಸುತ್ತವೆ.

ಖರ್ಚಿನ ಲೆಕ್ಕಕ್ಕೆ ಬೇಕಾಗುವ ಒಂದು ವಿಷಯ. ಮಾರಾ ಅಭಯಾರಣ್ಯದ ಪ್ರವೇಶ ಶುಲ್ಕ 2024ರಲ್ಲಿ ಏರಿತು. ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದು ನಿಗದಿಯಾಯಿತು. ಸಂಸ್ಥೆಯವರು ಹೇಳುವ ಮೊತ್ತದಲ್ಲಿ ಇದು ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಜನಸಂದಣಿ ಕಡಿಮೆ ಇರಬೇಕು ಎನ್ನುವುದಾದರೆ ಅದೇ ನದಿ ಹರಿಯುವ ಉತ್ತರ ಸೆರೆಂಗೆಟಿಯ ಕೊಗಟೆಂಡೆ ಭಾಗವನ್ನೂ ವಿಚಾರಿಸಿ.

ಮುಂದೆಂದಾದರೂ ಫೆಬ್ರುವರಿಯಲ್ಲಿ ರಜೆ ಸಿಕ್ಕರೆ ಎರಡು ಮಾತಿಲ್ಲದೆ ದಕ್ಷಿಣದ ಎನ್‌ಡುಟು ಬಯಲಿಗೆ ಹೋಗಿ. ನದಿ ದಾಟುವುದಕ್ಕಿಂತ ನನಗೆ ಅದೇ ಹೆಚ್ಚು. ಎರಡು ಮೂರು ವಾರಗಳಲ್ಲಿ ಲಕ್ಷಗಟ್ಟಲೆ ಮರಿಗಳು ಒಟ್ಟೊಟ್ಟಿಗೆ ಹುಟ್ಟುತ್ತವೆ. ಸಿಂಹ, ಕತ್ತೆಕಿರುಬ ಎಷ್ಟು ತಿಂದರೂ ತೀರದಷ್ಟು ಮರಿಗಳು ಒಮ್ಮೆಲೇ ನೆಲಕ್ಕೆ ಬಂದರೆ ಹೆಚ್ಚಿನವು ಉಳಿಯುತ್ತವೆ, ಅದು ಹಿಂಡಿನ ಉಪಾಯ. ಒಂದು ತಾಯಿ ಹಡೆಯುವುದನ್ನು ದೂರದಿಂದ ನೋಡಿ ಗಡಿಯಾರ ಹಿಡಿದು ಬರೆದುಕೊಂಡಿದ್ದೇನೆ. ನೆಲಕ್ಕೆ ಬಿದ್ದ ಮರಿ ನಾಲ್ಕು ಸಲ ಮುಗ್ಗರಿಸಿ ಏಳನೆಯ ನಿಮಿಷಕ್ಕೆ ನಾಲ್ಕು ಕಾಲಿನ ಮೇಲೆ ನಿಂತಿತು. ಹದಿನಾಲ್ಕನೆಯ ನಿಮಿಷಕ್ಕೆ ತಾಯಿಯ ಹಿಂದೆ ಓಡುತ್ತಿತ್ತು.

ಈ ಹಿಂಡು ಯಾವಾಗಲೂ ಇಷ್ಟು ದೊಡ್ಡದಾಗಿರಲಿಲ್ಲ. 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದ ಆಸುಪಾಸು ಇತ್ತು. ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಎಳೆಯ ಮರಿಗಳನ್ನು ಕೊಲ್ಲುತ್ತಿತ್ತು. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನೊಳಗೂ ರೋಗ ನಿಂತಿತು, 1970ರ ದಶಕದ ಕೊನೆಗೆ ಸಂಖ್ಯೆ ಹದಿಮೂರು ಲಕ್ಷ ಮುಟ್ಟಿತು. ದನಗಾಹಿಯ ಕೊಟ್ಟಿಗೆಗೆ ಕೊಟ್ಟ ಔಷಧದಿಂದ ಒಂದು ಮಹಾವಲಸೆ ಬದುಕಿಕೊಂಡಿತು ಎಂದು ನೆನೆದಾಗಲೆಲ್ಲ ನನ್ನ ಮೈ ನವಿರೇಳುತ್ತದೆ.

ಪ್ರಶ್ನೆ: ಚಾಲಕರಿಗೆ ಸ್ವಲ್ಪ ಹೆಚ್ಚು ಟಿಪ್ಸ್ ಕೊಟ್ಟರೆ ದಾರಿ ಬಿಟ್ಟು ಪ್ರಾಣಿಗಳ ಹತ್ತಿರಕ್ಕೇ ಕರೆದೊಯ್ಯುತ್ತಾರೆ ಎಂದು ಸ್ನೇಹಿತರು ಹೇಳಿದರು. ಹೌದೇ?

ಉತ್ತರ: ಕೆಲವರು ಕರೆದೊಯ್ಯುತ್ತಾರೆ. ಕೈಮುಗಿದು ಕೇಳುತ್ತೇನೆ, ನೀವು ಅದನ್ನು ಮಾಡಿಸಬೇಡಿ.

ನನ್ನ ಮೊದಲ ಪ್ರವಾಸದಲ್ಲಿ ಇದನ್ನು ಮಾಡಿಸಿದವಳು ನಾನೇ. ಮಾರಾದಲ್ಲಿ ಬೆಳಗಿನ ಒಂಬತ್ತರ ಹೊತ್ತು. ಒಂದು ಹೆಣ್ಣು ಚೀತಾ, ಜೊತೆಗೆ ಬೆನ್ನ ಮೇಲೆ ಬೂದುಬಣ್ಣದ ಜೂಲು ಇನ್ನೂ ಹೋಗದ ಮೂರು ಮರಿಗಳು. ಅರ್ಧ ಗಂಟೆ ಹುಲ್ಲಿನಲ್ಲಿ ತೆವಳಿ ತಾಯಿ ಒಂದು ಗೆಜೆಲ್ ಹಿಡಿದಿತ್ತು. ಚಿತ್ರ ಚೆನ್ನಾಗಿ ಬರಲಿ ಎಂದು ನಾನು ಚಾಲಕರಿಗೆ ಇನ್ನೂ ಮುಂದೆ, ಇನ್ನೂ ಮುಂದೆ ಎಂದೆ. ನಮ್ಮನ್ನು ನೋಡಿ ಬೇರೆ ವಾಹನಗಳೂ ಬಂದವು. ಹನ್ನೊಂದು ಎಣಿಸಿದೆ. ಓಡಿ ಓಡಿ ಏದುಸಿರು ಬಿಡುವ ಚೀತಾ ತಕ್ಷಣ ತಿನ್ನಲಾರದು, ಸುಧಾರಿಸಿಕೊಳ್ಳಬೇಕು. ಅಷ್ಟರಲ್ಲಿ ವಾಹನಗಳು ಕಲೆತಿದ್ದನ್ನು ಕಂಡು ಎರಡು ಕತ್ತೆಕಿರುಬಗಳು ಬಂದವು. ಚೀತಾ ಬೇಟೆ ಬಿಟ್ಟು ಮರಿಗಳೊಂದಿಗೆ ಹೊರಟುಹೋಯಿತು. ಆ ಚಿತ್ರ ನನ್ನ ಬಳಿ ಇದೆ. ಯಾರಿಗೂ ತೋರಿಸುವುದಿಲ್ಲ.

ಆಗ ಅದನ್ನು ನನ್ನೊಬ್ಬಳ ತಪ್ಪು ಎಂದುಕೊಂಡಿದ್ದೆ. 2018ರಲ್ಲಿ ಮಾರಾದಲ್ಲೇ ನಡೆದ ಅಧ್ಯಯನವೊಂದು ಹೊರಬಂತು. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾಗಳು ಒಂದು ಸೂಲಿನಲ್ಲಿ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಸ್ವತಂತ್ರವಾಗುವ ತನಕ ಸಾಕಿದ್ದವು. ಪ್ರವಾಸಿಗರು ಕಿಕ್ಕಿರಿಯುವ ಕಡೆ ಆ ಸರಾಸರಿ 0.2ರಷ್ಟಿತ್ತು. ಐದು ಸೂಲಿಗೆ ಒಂದು ಮರಿ ಎಂದು ಲೆಕ್ಕ. ಓದಿದ ದಿನ ಆ ಮೂರು ಮರಿಗಳು ಕಣ್ಣೆದುರು ಬಂದವು.

ಮಾರಾದಲ್ಲಿ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ಇರಬಾರದು ಎಂಬ ನಿಯಮ ಇದೆ. ಅಭಯಾರಣ್ಯದೊಳಗೆ ದಾರಿ ಬಿಟ್ಟು ಓಡಿಸುವುದಕ್ಕೂ ನಿಷೇಧವಿದೆ. ಆದರೆ ಹಿಂದೆ ಕುಳಿತವರು ಅವಸರಪಡಿಸಿದರೆ, ಮನೆಗೆ ದುಡಿದು ಹಾಕಬೇಕಾದ ಚಾಲಕರು ಇಕ್ಕಟ್ಟಿಗೆ ಸಿಲುಕುತ್ತಾರೆ. ಆದ್ದರಿಂದ ಮೊದಲ ದಿನ ವಾಹನ ಹತ್ತುವಾಗಲೇ ನಾನು ಎರಡು ಮಾತು ಹೇಳುತ್ತೇನೆ: ‘ನಮಗೆ ಅವಸರವಿಲ್ಲ. ಪ್ರಾಣಿಗೆ ತೊಂದರೆ ಎಂದು ನಿಮಗೆ ಅನ್ನಿಸಿದ ಕೂಡಲೇ ನಮ್ಮನ್ನು ಕೇಳದೆ ಹಿಂದೆ ಸರಿಯಿರಿ.’ ಹೀಗೆ ಹೇಳಿದಾಗಲೆಲ್ಲ ಚಾಲಕರ ಹೆಗಲು ಸಡಿಲವಾಗುವುದನ್ನು ನೋಡಿದ್ದೇನೆ. ಆಮೇಲೆ ಅವರೇ ತಮಗೆ ಗೊತ್ತಿರುವುದನ್ನು ಬಿಚ್ಚಿ ಹೇಳತೊಡಗುತ್ತಾರೆ. ಟಿಪ್ಸ್ ಧಾರಾಳವಾಗಿ ಕೊಡಿ, ಕೊನೆಯ ದಿನ ಕೊಡಿ, ಆ ಜ್ಞಾನಕ್ಕಾಗಿ ಕೊಡಿ.

ಹಣ ಸ್ವಲ್ಪ ಹೆಚ್ಚು ಹೊಂದಿಸಲು ಸಾಧ್ಯವಾದರೆ ಅಭಯಾರಣ್ಯದ ಅಂಚಿನಲ್ಲಿರುವ ಕನ್ಸರ್ವೆನ್ಸಿಗಳಲ್ಲಿ ಉಳಿಯಿರಿ. ಅಲ್ಲಿನ ದನಗಾಹಿಗಳಾದ ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ, ಗುತ್ತಿಗೆಗೆ ಕೊಟ್ಟು, ತಿಂಗಳ ಬಾಡಿಗೆ ಪಡೆಯುವ ವ್ಯವಸ್ಥೆ ಅದು. ಅಲ್ಲಿ ಹಾಸಿಗೆಗಳ ಸಂಖ್ಯೆಗೇ ಮಿತಿ ಇರುವುದರಿಂದ ವಾಹನಗಳು ಕಡಿಮೆ. ಮುಖ್ಯ ಅಭಯಾರಣ್ಯದಲ್ಲಿ ಬಿಡದ ರಾತ್ರಿ ಸಫಾರಿ ಮತ್ತು ಕಾಲ್ನಡಿಗೆಗೂ ಅಲ್ಲಿ ಅವಕಾಶ ಸಿಗುತ್ತದೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ, ಮಂಡಿನೋವು. ಆನೆ ಎಂದರೆ ಪ್ರಾಣ. ಗುಂಡಿಬಿದ್ದ ದಾರಿಯಲ್ಲಿ ದಿನವಿಡೀ ಜೀಪಿನಲ್ಲಿ ಕೂರಲಾರರು. ಕರೆದೊಯ್ಯುವ ಆಸೆ ಕೈಬಿಡಬೇಕೇ?

ಉತ್ತರ: ಖಂಡಿತ ಬೇಡ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಪ್ರಾಣಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಪ್ರಾಣಿಗಳೇ ಅವರಿದ್ದಲ್ಲಿಗೆ ಬರುವ ಜಾಗ ಇದೆ.

ನಮೀಬಿಯಾದ ಎಟೋಶಾ ಉದ್ಯಾನದಲ್ಲಿ ಒಕಾಕುಯೋ ಎಂಬ ಸರ್ಕಾರಿ ತಂಗುದಾಣ ಇದೆ. ಅದರ ಬೇಲಿಯ ಪಕ್ಕದಲ್ಲೇ ಒಂದು ನೀರಿನ ಹೊಂಡ. ರಾತ್ರಿಯಿಡೀ ಮಂದ ದೀಪ ಉರಿಯುತ್ತಿರುತ್ತದೆ. ಕೋಣೆಯಿಂದ ನಾಲ್ಕು ಹೆಜ್ಜೆ ನಡೆದು, ತಗ್ಗು ಗೋಡೆಯ ಈಚೆಗಿರುವ ಬೆಂಚಿನ ಮೇಲೆ ಕುಳಿತರೆ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಿ ಸುತ್ತಲೆಲ್ಲೂ ನೀರಿಲ್ಲದ ಕಾರಣ ಎಲ್ಲರೂ ಅಲ್ಲಿಗೆ ಬರಲೇಬೇಕು. ನಾನು ಶಾಲು ಹೊದ್ದು ಸಂಜೆ ಏಳರಿಂದ ಹನ್ನೊಂದೂವರೆವರೆಗೆ ಕುಳಿತಿದ್ದೆ. ಹದಿನೇಳು ಆನೆಗಳ ಕುಟುಂಬ ಬಂದು ಹೋಯಿತು. ಆಮೇಲೆ ಒಂದು ಕಪ್ಪು ಘೇಂಡಾಮೃಗ, ಅದರ ಮರಿ. ಅವು ನೀರು ಹೀರುವ ಸದ್ದು ಕೇಳಿಸುವಷ್ಟು ಮೌನ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ವೃದ್ಧರೊಬ್ಬರು ನನ್ನ ಕೈಗೆ ತಮ್ಮ ಬೈನಾಕ್ಯುಲರ್ ಕೊಟ್ಟರು. ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಕೀನ್ಯಾಕ್ಕೇ ಹೋಗುವುದಾದರೆ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹಾರಿ. ರಸ್ತೆಯ ಐದಾರು ಗಂಟೆಯ ಕುಲುಕಾಟ ಸುಮಾರು ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಅಲ್ಲಿ ಸಾಮಾನಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಗಡಸು ಪೆಟ್ಟಿಗೆಯಲ್ಲ, ಮೆತ್ತನೆಯ ಬ್ಯಾಗ್. ವಾಹನದಲ್ಲಿ ಮಧ್ಯದ ಸಾಲು ಕೇಳಿ ಪಡೆಯಿರಿ. ಹಿಂದಿನ ಸಾಲೇ ಹೆಚ್ಚು ಎತ್ತಿಹಾಕುವುದು. ಶೌಚಾಲಯಕ್ಕೆ ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕು ಎಂಬುದನ್ನು ಮುಜುಗರ ಬಿಟ್ಟು ಬೆಳಗ್ಗೆಯೇ ಹೇಳಿ. ನೀರು ಕುಡಿಯದೆ ಇರುವ ಹೆಂಗಸರನ್ನು ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ: ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದಲ್ಲಿ ನಾವೇ ಕಾರು ಓಡಿಸಬಹುದಂತೆ. ಧೈರ್ಯ ಮಾಡಬಹುದೇ?

ಉತ್ತರ: ಮಾಡಬಹುದು. ಮಗ ಓಡಿಸಿದ, ನಾನು ಪಕ್ಕದಲ್ಲಿ ಕುಳಿತು ಆರು ದಿನ ನೋಡಿದೆ. ದಕ್ಷಿಣ ಆಫ್ರಿಕದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಕ್ರೂಗರ್‌ನ ಮುಖ್ಯ ರಸ್ತೆಗಳಿಗೆ ಡಾಂಬರು ಇದೆ, ಸಾಧಾರಣ ಕಾರೇ ಸಾಕು. ವೇಗಮಿತಿ ಡಾಂಬರಿನಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ದಾರಿಯಲ್ಲಿ 40. ನೀವು 25ರಲ್ಲಿ ಹೋಗಿ, ಆಗ ಕಣ್ಣಿಗೆ ಏನಾದರೂ ಬೀಳುತ್ತದೆ. ಸುಮಾರು 19,500 ಚದರ ಕಿಲೋಮೀಟರಿನ ಉದ್ಯಾನ ಅದು. ಲೋವರ್ ಸಾಬಿ, ಸಟಾರಾ ತಂಗುದಾಣಗಳ ಸುತ್ತಮುತ್ತಲಲ್ಲೇ ಇದ್ದರೂ ಆರು ದಿನ ಸಾಲದು. ಉದ್ಯಾನದೊಳಗಿನ ಕೋಣೆಗಳ ಕಾಯ್ದಿರಿಸುವಿಕೆ 11 ತಿಂಗಳು ಮೊದಲೇ ತೆರೆಯುತ್ತದೆ, ಶಾಲಾ ರಜೆಯ ದಿನಗಳು ಬೇಗ ತುಂಬಿಹೋಗುತ್ತವೆ. ಗೇಟು ತೆರೆಯುವ ಮುಚ್ಚುವ ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ತಡವಾದರೆ ದಂಡ. ಗುರುತು ಹಾಕಿದ ಜಾಗ ಬಿಟ್ಟು ಎಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಚಕ್ರದ ಗಾಳಿ ಹೋದರೂ ಸಹಾಯಕ್ಕೆ ಫೋನ್ ಮಾಡಿ ಕಾಯಿರಿ.

ಆನೆಯ ವಿಷಯದಲ್ಲಿ ಮಾತ್ರ ಜಾಗ್ರತೆ. ಕಣ್ಣು ಮತ್ತು ಕಿವಿಯ ನಡುವೆ ಕಪ್ಪಗೆ ಒಸರುತ್ತ, ಹಿಂಗಾಲು ಒದ್ದೆಯಾಗಿರುವ ಗಂಡಾನೆ ಮದದಲ್ಲಿರುತ್ತದೆ. ಅದು ರಸ್ತೆಯಲ್ಲಿ ನಿಮ್ಮತ್ತ ನಡೆದು ಬರುತ್ತಿದ್ದರೆ ಕಾಯಬೇಡಿ, ನಿಧಾನವಾಗಿ ಹಿಂದಕ್ಕೆ ಹೋಗಿ ಇಡೀ ರಸ್ತೆ ಬಿಟ್ಟುಕೊಡಿ. ನಾವು ಒಮ್ಮೆ ಒಂದೂವರೆ ಕಿಲೋಮೀಟರ್ ಹಿಂದಕ್ಕೇ ಓಡಿಸಿದೆವು. ಎಂಜಿನ್ ಆರಿಸಿ ಎಂದು ಎಲ್ಲೆಡೆ ಹೇಳುವ ನಾನು, ಆನೆ ಹತ್ತಿರವಿದ್ದಾಗ ಮಾತ್ರ ಆರಿಸಬೇಡಿ ಎನ್ನುತ್ತೇನೆ.

ಪ್ರಶ್ನೆ: ಯಾವ ಲಸಿಕೆ, ಯಾವ ಮಾತ್ರೆ?

ಉತ್ತರ: ಇದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು, ಹೊರಡುವ ಆರು ವಾರ ಮೊದಲೇ ಹೋಗಿ ಕೇಳಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಹಾಕಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತ. 2016ರಿಂದ ಅದು ಜೀವಮಾನವಿಡೀ ನಡೆಯುತ್ತದೆ. ಕೀನ್ಯಾ ಮುಗಿಸಿ ದಕ್ಷಿಣ ಆಫ್ರಿಕಕ್ಕೆ ಹೋಗುವವರನ್ನು ಅಲ್ಲಿನ ವಲಸೆ ಅಧಿಕಾರಿಗಳು ಈ ಪತ್ರ ಕೇಳುತ್ತಾರೆ. ಮನೆಗೆ ಮರಳುವಾಗಲೂ ಬೇಕಾಗಬಹುದು, ಪಾಸ್‌ಪೋರ್ಟ್ ಜೊತೆಗೇ ಇಟ್ಟಿರಿ. ಮಲೇರಿಯಾ ತಡೆಯುವ ಮಾತ್ರೆಗಳನ್ನು ಮರಳಿ ಬಂದ ಮೇಲೂ ಮುಂದುವರಿಸಬೇಕು, ಕೆಲವನ್ನು ಒಂದು ವಾರ, ಕೆಲವನ್ನು ನಾಲ್ಕು ವಾರ. ಊರಿಗೆ ಬಂದೆವಲ್ಲ ಎಂದು ನಿಲ್ಲಿಸುವುದೇ ದೊಡ್ಡ ತಪ್ಪು. ಆ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ, ಆ ಹೊತ್ತಿಗೆ ತುಂಬುತೋಳಿನ ಅಂಗಿ, ಕಾಲುಚೀಲ ಇರಲಿ. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ವೆಚ್ಚ ಸೇರಿದೆಯೇ ನೋಡಿ. ಪೂರ್ವ ಆಫ್ರಿಕದಲ್ಲಿ 1957ರಿಂದಲೂ ‘ಫ್ಲೈಯಿಂಗ್ ಡಾಕ್ಟರ್ಸ್’ ಸೇವೆ ಇದೆ, ಪ್ರವಾಸಿಗರೂ ಅದಕ್ಕೆ ಹೆಸರು ನೋಂದಾಯಿಸಿಕೊಳ್ಳಬಹುದು.

ಪ್ರಶ್ನೆ: ನಾಲ್ಕು ವರ್ಷದ ಮಗುವನ್ನು ಕರೆದೊಯ್ಯಬಹುದೇ?

ಉತ್ತರ: ಇನ್ನು ನಾಲ್ಕು ವರ್ಷ ಕಾಯಿರಿ. ಅನೇಕ ಶಿಬಿರಗಳು ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ, ಮಲೇರಿಯಾ ಮಗುವಿಗೆ ಹೆಚ್ಚು ಅಪಾಯ. ಅದಕ್ಕಿಂತ ಹೆಚ್ಚಾಗಿ, ಬಿಸಿಲಿನಲ್ಲಿ ಸದ್ದಿಲ್ಲದೆ ಕೂರು ಎಂದು ನಾಲ್ಕು ವರ್ಷದ ಕಂದನನ್ನು ಗದರಿಸುತ್ತ ಕಳೆಯುವ ರಜೆ ಯಾರಿಗೂ ಬೇಡ.

ಪ್ರಶ್ನೆ: ಬಟ್ಟೆ, ಕ್ಯಾಮೆರಾ ಬಗ್ಗೆ ತಿಳಿಸಿ.

ಉತ್ತರ: ಮಣ್ಣುಬಣ್ಣ, ತಿಳಿಹಸಿರು. ನೀಲಿ ಮತ್ತು ಕಪ್ಪು ಬೇಡ, ಸೆಟ್ಸಿ ನೊಣ ಆ ಬಣ್ಣಗಳಿಗೆ ಮುತ್ತುತ್ತದೆ. ಅದನ್ನು ಹಿಡಿಯುವ ಬಲೆಗಳನ್ನೂ ನೀಲಿ ಕಪ್ಪು ಬಟ್ಟೆಯಿಂದಲೇ ಮಾಡುತ್ತಾರೆ. ಸೈನಿಕರ ಚಿತ್ತಾರದ ಬಟ್ಟೆಯನ್ನು ಮನೆಯಲ್ಲೇ ಬಿಡಿ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಸಾಮಾನ್ಯ ಜನ ಅದನ್ನು ಧರಿಸುವಂತಿಲ್ಲ. ಪ್ಲಾಸ್ಟಿಕ್ ಕೈಚೀಲಗಳಿಗೆ ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧ. ಸೂಟ್‌ಕೇಸ್‌ನಲ್ಲಿ ಬಟ್ಟೆ ಸುತ್ತಿದ ಚೀಲಗಳನ್ನೂ ತೆಗೆದುಹಾಕಿ. ಕ್ಯಾಮೆರಾ ನಿಮ್ಮ ಶಕ್ತ್ಯಾನುಸಾರ ಇರಲಿ, ಆದರೆ ಬೈನಾಕ್ಯುಲರ್ ಮಾತ್ರ ತಲೆಗೊಂದು ಬೇಕು. 8x42 ಅಳತೆಯದು ಕೈಗೂ ಕಣ್ಣಿಗೂ ಹಿತ. ಒಂದೇ ಬೈನಾಕ್ಯುಲರ್ ಹಂಚಿಕೊಂಡ ದಂಪತಿಗಳ ಜಗಳವನ್ನು ಮುಂದಿನ ಸೀಟಿನಲ್ಲಿ ಕುಳಿತು ಕೇಳಿದ್ದೇನೆ.

ಪ್ರಶ್ನೆ: ನಾವು ಈಗಷ್ಟೇ ಮಾರಾದಿಂದ ಮರಳಿದೆವು. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಎಂಬ ಐದು ದೊಡ್ಡ ಪ್ರಾಣಿಗಳಲ್ಲಿ ಚಿರತೆ ಮತ್ತು ಘೇಂಡಾಮೃಗ ಕಾಣಲೇ ಇಲ್ಲ. ಸಿಂಹ ಮಲಗಿತ್ತು. ಕೊನೆಯ ಬೆಳಗ್ಗೆ ಜಿರಾಫೆ, ಮುಳ್ಳುಗಿಡ, ಸಗಣಿ ಉರುಳಿಸುವ ಹುಳ, ಹುತ್ತದ ಮೇಲೆ ಕಾಲು ಗಂಟೆ ಅಲುಗಾಡದೆ ನಿಂತ ಟೊಪಿ ಎಂಬ ಹುಲ್ಲೆ, ಇಷ್ಟೇ. ಇಷ್ಟು ಹಣ ಸುರಿದದ್ದು ವ್ಯರ್ಥವಾಯಿತೇ?

ಉತ್ತರ: ನಿಮ್ಮ ಬೇಸರ ಪತ್ರದ ಪ್ರತಿ ಸಾಲಿನಲ್ಲೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ‘ಐದು ದೊಡ್ಡ ಪ್ರಾಣಿ’ ಎಂಬುದು ಹಿಂದಿನ ಬೇಟೆಗಾರರ ಪಟ್ಟಿ. ಕಾಲ್ನಡಿಗೆಯಲ್ಲಿ ಹೋಗಿ ಕೊಲ್ಲಲು ಯಾವುವು ಅಪಾಯಕಾರಿ ಎಂಬ ಲೆಕ್ಕ ಅದು. ಆ ಪಟ್ಟಿ ಹಿಡಿದು ನಿಮ್ಮ ಪ್ರವಾಸಕ್ಕೆ ಅಂಕ ಕೊಡಬೇಡಿ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ಮಲಗುವ ಪ್ರಾಣಿ, ಮಲಗಿದ್ದನ್ನು ಕಂಡಿರಿ ಎಂದರೆ ಸಿಂಹದ ನಿಜವಾದ ದಿನವನ್ನೇ ಕಂಡಿರಿ.

ಆ ಗಿಡದ ಮುಳ್ಳುಗಳ ಬುಡದಲ್ಲಿ ಕಪ್ಪು ಗೋಲಿಗಳಂಥ ಉಬ್ಬುಗಳಿದ್ದವೇ? ಇದ್ದರೆ ಅದು ಸಿಳ್ಳೆ ಮುಳ್ಳಿನ ಗಿಡ. ಉಬ್ಬಿನೊಳಗೆ ಇರುವೆಗಳು ಮನೆ ಮಾಡಿರುತ್ತವೆ. ಇರುವೆ ಕೊರೆದ ತೂತಿನ ಮೇಲೆ ಗಾಳಿ ಹಾಯ್ದಾಗ ಸಿಳ್ಳೆ ಕೇಳುತ್ತದೆ. ಯಾರಾದರೂ ಎಲೆಗೆ ಬಾಯಿ ಹಾಕಿದರೆ ಇರುವೆಗಳು ಮುತ್ತಿಕೊಳ್ಳುತ್ತವೆ, ಆನೆಗಳೂ ಆ ಗಿಡದ ಗೊಡವೆಗೆ ಹೋಗಲು ಹಿಂಜರಿಯುತ್ತವೆ. ನಿಮ್ಮ ಜಿರಾಫೆ ಒಂದು ಕೊಂಬೆಯಲ್ಲಿ ಸ್ವಲ್ಪ ಹೊತ್ತು ಮೇಯ್ದು, ತಲೆ ಕೊಡವಿ, ಮುಂದಿನ ಗಿಡಕ್ಕೆ ಹೋಗಿರಬೇಕು. ಆ ಹುಳದ ಬಳಗದಲ್ಲಿ ರಾತ್ರಿ ಸಗಣಿಯ ಉಂಡೆ ಉರುಳಿಸುವ ಜಾತಿಯೊಂದು ಕ್ಷೀರಪಥದ ಬೆಳಕು ನೋಡಿ ನೇರ ದಾರಿ ಹಿಡಿಯುತ್ತದೆ ಎಂದು 2013ರಲ್ಲಿ ತೋರಿಸಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವ ಭಾಗ್ಯ ನನಗೆ ಸಿಗಲಿಲ್ಲ, ಅಷ್ಟರಲ್ಲಿ ನಿವೃತ್ತಳಾಗಿದ್ದೆ.

ಇನ್ನು ಆ ಟೊಪಿ. ಗಂಡು ಟೊಪಿಗಳು ತಮ್ಮ ನೆಲ ಕಾಯಲು ಹುತ್ತದ ಮೇಲೆ ನಿಲ್ಲುತ್ತವೆ, ನಿಜ. ಆದರೆ ಕಾಲು ಗಂಟೆ ಮೇವನ್ನೂ ಬಿಟ್ಟು, ಕಿವಿ ಮುಂದೆ ಮಾಡಿ, ಒಂದೇ ದಿಕ್ಕಿಗೆ ನೆಟ್ಟ ನೋಟದಲ್ಲಿ ನಿಂತಿದೆ ಎಂದರೆ ಅದು ಯಾರನ್ನೋ ನೋಡುತ್ತಿದೆ. ಮಾರಾದ ಅನುಭವಿ ಚಾಲಕರು ಬೈನಾಕ್ಯುಲರನ್ನು ಟೊಪಿಯ ಮೇಲೆ ಇಡುವುದಿಲ್ಲ, ಅದು ನೋಡುತ್ತಿರುವ ಹುಲ್ಲಿನ ಮೇಲೆ ಇಡುತ್ತಾರೆ. ನಾನು ನೋಡಿದ ಎರಡು ಚಿರತೆಗಳಲ್ಲಿ ಒಂದನ್ನು ಹೀಗೆಯೇ ನೋಡಿದ್ದು, ತೊರೆಯ ಪಕ್ಕದ ಪೊದೆಯಲ್ಲಿ, ಎರಡು ಗಂಟೆ ಕಾದ ಮೇಲೆ, ಮೊದಲು ಬಾಲದ ತುದಿ ಮಾತ್ರ.

ನಿಮ್ಮ ಚಿತ್ರಗಳನ್ನು ಇನ್ನೊಮ್ಮೆ ತೆರೆದು, ಟೊಪಿಯ ಮೂಗು ತೋರುತ್ತಿರುವ ಕಡೆ ಹಿಗ್ಗಿಸಿ ನೋಡಿ. ಏನಾದರೂ ಕಂಡರೆ ಬರೆಯಿರಿ.